ಕಂಪ್ಯೂಟರ್ ಪ್ರಶ್ನೋತ್ತರ: ಕೆಟ್ಟ ರಿಜಿಸ್ಟ್ರಿ, ತೆರೆಯದ ಕಡತ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಎರಡು ತೊಂದರೆಗಳನ್ನು ಕುರಿತವು. ಒಂದು, ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಹೊಂದಿಕೆಗಳನ್ನು ಬರೆದಿಡುವ ದಾಖಲೆಯಾದ ರಿಜಿಸ್ಟ್ರಿ ಕೆಟ್ಟಿರುವುದು; ಇನ್ನೊಂದು, ನಮ್ಮದೇ ಕಂಪ್ಯೂಟರಿನಲ್ಲಿ ನಮ್ಮದೇ ಕಡತವು ‘ಆಕ್ಸೆಸ್ ಡಿನೈಡ್’ ಎಂದು ಬಾಗಿಲು ಹಾಕಿಕೊಳ್ಳುವುದು. ಪತ್ರ ಬರೆದ ಹಲವರ ವಿಷಯದಲ್ಲಿ ಮೂಲ ತೊಂದರೆ ಸಣ್ಣದಾಗಿತ್ತು, ಅದನ್ನು ಸರಿಪಡಿಸಲು ಹೋಗಿ ತಂದುಕೊಂಡದ್ದು ದೊಡ್ಡದಾಗಿದೆ. ಹೀಗಾಗಿ ಏನು ಮಾಡಬೇಕು ಎಂಬುದರ ಜೊತೆಗೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನೂ ಬರೆದಿದ್ದೇನೆ. ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ. ಆಜ್ಞೆಗಳ ಹೆಸರುಗಳು ಇಲ್ಲಿ ಕನ್ನಡ ಲಿಪಿಯಲ್ಲಿದ್ದರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಪ್ರಶ್ನೆ: ಕೆಲಸದ ನಡುವೆ ಕರೆಂಟು ಹೋಗಿ ಕಂಪ್ಯೂಟರ್ ಒಮ್ಮೆಲೇ ಆರಿಹೋಯಿತು. ಮತ್ತೆ ಹಾಕಿದರೆ ನೀಲಿ ಪರದೆಯಲ್ಲಿ ‘ಬ್ಯಾಡ್ ಸಿಸ್ಟಂ ಕಾನ್ಫಿಗ್ ಇನ್ಫೋ’ ಎಂದು ಬರುತ್ತಿದೆ. ಅಂತರಜಾಲದಲ್ಲಿ ಓದಿದಂತೆ ‘ರೆಗ್‌ಬ್ಯಾಕ್’ ಫೋಲ್ಡರಿನಿಂದ ರಿಜಿಸ್ಟ್ರಿ ಫೈಲುಗಳನ್ನು ನಕಲು ಮಾಡಲು ಹೊರಟರೆ, ಅಲ್ಲಿರುವ ಎಲ್ಲ ಫೈಲುಗಳ ಗಾತ್ರವೂ ಸೊನ್ನೆ ಎಂದು ತೋರಿಸುತ್ತಿದೆ. ಮುಂದೇನು ಮಾಡಲಿ?

ಉತ್ತರ: ಆ ಸೊನ್ನೆ ಗಾತ್ರದ ಫೈಲುಗಳನ್ನು ಕಂಡು ಕೈ ತಡೆದಿರಲ್ಲ, ಅದು ಒಳ್ಳೆಯದಾಯಿತು. ಅವನ್ನು ನಕಲು ಮಾಡಿದ್ದರೆ ಅರೆಬರೆ ಕೆಟ್ಟ ರಿಜಿಸ್ಟ್ರಿಯ ಜಾಗದಲ್ಲಿ ರಿಜಿಸ್ಟ್ರಿಯೇ ಇಲ್ಲದಂತಾಗುತ್ತಿತ್ತು. ನೀವು ಓದಿದ ಸಲಹೆ ಬರೆದ ಕಾಲಕ್ಕೆ ಸರಿಯಾದದ್ದೇ. ಹಿಂದೆ ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯ ಒಂದು ಪ್ರತಿಯನ್ನು ಆ ಫೋಲ್ಡರಿನಲ್ಲಿ ಇಡುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803ನೆಯ ಆವೃತ್ತಿಯಿಂದ, ಡಿಸ್ಕಿನಲ್ಲಿ ಜಾಗ ಉಳಿಸುವ ಸಲುವಾಗಿ, ಮೈಕ್ರೋಸಾಫ್ಟ್ ಈ ಏರ್ಪಾಡನ್ನು ಕೈಬಿಟ್ಟಿತು. ಫೈಲುಗಳ ಹೆಸರು ಉಳಿದಿದೆ, ಒಳಗೆ ಏನೂ ಇಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಏನಾಗಿರಬಹುದು ಎಂಬುದು ಗೊತ್ತಿದ್ದರೆ ಮುಂದಿನ ದಾರಿ ಸುಲಭ. ರಿಜಿಸ್ಟ್ರಿ ಎಂದರೆ ಒಂದು ಫೈಲಲ್ಲ. ವಿಂಡೋಸ್ ಫೋಲ್ಡರಿನ ಸಿಸ್ಟಂ32 ಒಳಗೆ ‘ಕಾನ್ಫಿಗ್’ ಎಂಬ ಫೋಲ್ಡರಿದ್ದು, ಅದರಲ್ಲಿ ಸಿಸ್ಟಂ, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡೀಫಾಲ್ಟ್ ಎಂಬ ಐದು ಮುಖ್ಯ ಫೈಲುಗಳಿರುತ್ತವೆ. ಇವುಗಳನ್ನು ‘ಹೈವ್’ ಎನ್ನುತ್ತಾರೆ. ಪ್ರತಿಯೊಬ್ಬ ಬಳಕೆದಾರನ ಫೋಲ್ಡರಿನಲ್ಲಿಯೂ ಅವನದೇ ಆದ ‘ಎನ್‌ಟಿಯೂಸರ್.ಡ್ಯಾಟ್’ ಎಂಬ ಇನ್ನೊಂದು ಹೈವ್ ಇರುತ್ತದೆ. ಹೈವಿನ ಮೊದಲ 4096 ಬೈಟುಗಳು ಅದರ ತಲೆಭಾಗ. ಅಲ್ಲಿ ಒಂದರ ಪಕ್ಕ ಒಂದು ಎರಡು ಕ್ರಮಸಂಖ್ಯೆಗಳಿವೆ. ಬರೆಯಲು ಶುರುಮಾಡುವಾಗ ಮೊದಲನೆಯ ಸಂಖ್ಯೆಯೂ ಬರೆದು ಮುಗಿದಾಗ ಎರಡನೆಯದೂ ಏರುತ್ತವೆ. ನಡುವೆ ಕರೆಂಟು ಹೋದರೆ ಎರಡೂ ಹೊಂದುವುದಿಲ್ಲ. ಮುಂದಿನ ಸಲ ಹೈವನ್ನು ತೆರೆಯುವಾಗ ವಿಂಡೋಸ್ ಈ ವ್ಯತ್ಯಾಸವನ್ನು ಕಂಡು, ಪಕ್ಕದಲ್ಲಿಯೇ ಇರುವ ಲಾಗ್1, ಲಾಗ್2 ಎಂಬ ಕಡತಗಳಿಂದ ಅರ್ಧಕ್ಕೆ ನಿಂತ ಬರವಣಿಗೆಯನ್ನು ಪೂರ್ತಿ ಮಾಡುತ್ತದೆ. ಸಾಮಾನ್ಯವಾಗಿ ಇದು ನಮಗೆ ತಿಳಿಯದಂತೆಯೇ ನಡೆದುಹೋಗುತ್ತದೆ. ನಿಮ್ಮ ವಿಷಯದಲ್ಲಿ ಹಾಗೆ ಆಗಿಲ್ಲವೆಂದರೆ, ಲಾಗ್ ಕೂಡ ಕೆಟ್ಟಿರಬೇಕು, ಇಲ್ಲವೇ ಡಿಸ್ಕಿನ ಮೇಲಿನ ಕಡತ ವ್ಯವಸ್ಥೆಯೇ ಏರುಪೇರಾಗಿರಬೇಕು.

ಈ ಕಾರಣಕ್ಕೆ ಮೊದಲ ಕೆಲಸ ರಿಜಿಸ್ಟ್ರಿಯದಲ್ಲ, ಡಿಸ್ಕಿನದು. ಎರಡು ಮೂರು ಸಲ ಆರಂಭ ವಿಫಲವಾದ ಮೇಲೆ ವಿಂಡೋಸ್ ತಾನಾಗಿಯೇ ರಿಕವರಿ ಪರದೆಯನ್ನು ತೋರಿಸುತ್ತದೆ. ಅಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡ್ರೈವನ್ನು ಗೂಢಲಿಪಿಗೊಳಿಸುವ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ: ರಿಕವರಿಯಲ್ಲಿ ಡ್ರೈವಿನ ಅಕ್ಷರಗಳು ಬದಲಾಗಬಹುದು. ನೀವು ಸಿ ಎಂದುಕೊಂಡಿರುವುದು ಅಲ್ಲಿ ಡಿ ಆಗಿರಬಹುದು. ‘ಡಿಐಆರ್’ ಆಜ್ಞೆ ಕೊಟ್ಟು ವಿಂಡೋಸ್ ಫೋಲ್ಡರ್ ಯಾವ ಅಕ್ಷರದಡಿ ಇದೆಯೆಂದು ಖಚಿತಪಡಿಸಿಕೊಂಡು, ಕಾನ್ಫಿಗ್ ಫೋಲ್ಡರನ್ನು ಇಡಿಯಾಗಿ, ಲಾಗ್ ಕಡತಗಳೂ ಸೇರಿ, ಒಂದು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಹೈವ್ ಕೆಟ್ಟದ್ದೇ ಆಗಿರಲಿ, ಅದರ ನಕಲು ಇರಲಿ. ಆಮೇಲೆ ಅದೇ ಡ್ರೈವಿನ ಮೇಲೆ, ಕಡತ ವ್ಯವಸ್ಥೆಯ ದೋಷ ಸರಿಪಡಿಸುವ ‘ಸಿಎಚ್‌ಕೆಡಿಎಸ್‌ಕೆ’ ಆಜ್ಞೆಯನ್ನು ಓರೆಗೆರೆ (/) ಎಫ್ ಸೇರಿಸಿ ನಡೆಸಿ. ಡಿಸ್ಕು ಗಂಟೆಗಟ್ಟಲೆ ತಡವರಿಸಿದರೆ, ಅಥವಾ ಓದಲಾಗದ ಸೆಕ್ಟರುಗಳ ಸುದ್ದಿ ಬಂದರೆ, ದುರಸ್ತಿ ನಿಲ್ಲಿಸಿ ಮೊದಲು ನಿಮ್ಮ ಕಡತಗಳನ್ನು ಹೊರಗೆ ತೆಗೆಯಿರಿ. ಸಾಯುತ್ತಿರುವ ಡಿಸ್ಕಿನ ಮೇಲೆ ರಿಜಿಸ್ಟ್ರಿಯನ್ನು ಎಷ್ಟು ಸಲ ಸರಿಮಾಡಿದರೂ ವಾರದೊಳಗೆ ಅದೇ ನೀಲಿ ಪರದೆ ಕಾಣುತ್ತದೆ.

ಡಿಸ್ಕು ಚೆನ್ನಾಗಿದೆ ಎಂದಾದರೆ ಸಿಸ್ಟಂ ರಿಸ್ಟೋರ್ ಪ್ರಯತ್ನಿಸಿ. ವಿಂಡೋಸ್ ಹಿಂದೊಮ್ಮೆ ಉಳಿಸಿಟ್ಟ ಸ್ಥಿತಿಯಾದ ರಿಸ್ಟೋರ್ ಪಾಯಿಂಟ್ ಎಂಬುದರಲ್ಲಿ ಹೈವ್‌ಗಳ ಪ್ರತಿಯೂ ಇರುತ್ತದೆಯಾದ್ದರಿಂದ ಇದು ಎಲ್ಲಕ್ಕಿಂತ ಹಗುರವಾದ ಪರಿಹಾರ. ನಿಮ್ಮ ದಾಖಲೆಗಳಿಗೆ ತೊಂದರೆಯಾಗುವುದಿಲ್ಲ. ರಿಸ್ಟೋರ್ ಪಾಯಿಂಟ್ ಇಲ್ಲದಿದ್ದರೆ ನಾನು ಬಳಸುವ ಇನ್ನೊಂದು ಉಪಾಯವಿದೆ. ರಿಕವರಿಯ ಕಮಾಂಡ್ ಪ್ರಾಂಪ್ಟಿನಿಂದಲೇ ರಿಜಿಸ್ಟ್ರಿಯನ್ನು ನೋಡಿ ತಿದ್ದುವ ‘ರೆಜ್‌ಎಡಿಟ್’ ತೆರೆದು, ಎಚ್‌ಕೆ ಲೋಕಲ್ ಮೆಷೀನ್ ಆರಿಸಿಕೊಂಡು, ಫೈಲ್ ಮೆನುವಿನ ‘ಲೋಡ್ ಹೈವ್’ ಮೂಲಕ, ಪೆನ್‌ಡ್ರೈವಿನಲ್ಲಿರುವ ನಕಲುಗಳನ್ನು ಒಂದೊಂದಾಗಿ, ಯಾವುದಾದರೊಂದು ತಾತ್ಕಾಲಿಕ ಹೆಸರು ಕೊಟ್ಟು ತೆರೆದು ನೋಡಿ. ನಾಲ್ಕು ತೆರೆದು ಒಂದು ತೆರೆಯದಿದ್ದರೆ ಕೆಟ್ಟಿರುವುದು ಯಾವುದೆಂದು ತಿಳಿಯಿತು. ಕೆಲವೊಮ್ಮೆ ಹೀಗೆ ತೆರೆಯುವಾಗಲೇ ಪಕ್ಕದ ಲಾಗಿನಿಂದ ಹೈವ್ ದುರಸ್ತಿಯಾಗುತ್ತದೆ. ಆಗ ‘ಅನ್‌ಲೋಡ್’ ಮಾಡಿ ಆ ಪ್ರತಿಯನ್ನು ಮೂಲ ಜಾಗಕ್ಕೆ ಹಾಕಬಹುದು. ಆದರೆ ಹೈವನ್ನು ಹೆಕ್ಸ್ ವೀಕ್ಷಕದಲ್ಲಿ (ಕಡತದ ಬೈಟುಗಳನ್ನು ಇದ್ದಂತೆಯೇ ತೋರಿಸುವ ತಂತ್ರಾಂಶ) ತೆರೆದಾಗ ಮೊದಲಿಗೆ ‘ಆರ್‌ಇಜಿಎಫ್’ ಎಂಬ ನಾಲ್ಕು ಅಕ್ಷರಗಳು ಇರಬೇಕಾದ ಕಡೆ ಬರೀ ಸೊನ್ನೆಗಳ ಸಾಲು ಕಂಡರೆ, ಆ ಹೈವಿನ ಆಸೆ ಬಿಡುವುದೇ ಮೇಲು.

ಎಸ್‌ಎಫ್‌ಸಿ, ಡಿಐಎಸ್‌ಎಂ ಎಂಬ ಎರಡು ಆಜ್ಞೆಗಳನ್ನು ಎಲ್ಲ ರೋಗಕ್ಕೂ ಮದ್ದೆಂದು ಹೇಳುವುದುಂಟು. ಅವು ವಿಂಡೋಸಿನ ವ್ಯವಸ್ಥಾ ಕಡತಗಳನ್ನು ಪರೀಕ್ಷಿಸುತ್ತವೆಯೇ ಹೊರತು ಕೆಟ್ಟ ಹೈವನ್ನು ರಿಪೇರಿ ಮಾಡುವುದಿಲ್ಲ. ಮೇಲಿನ ಯಾವುದೂ ಫಲಿಸದಿದ್ದರೆ ಉಳಿಯುವುದು ‘ಕೀಪ್ ಮೈ ಫೈಲ್ಸ್’ ಆಯ್ಕೆಯೊಡನೆ ರಿಸೆಟ್. ಅದರಲ್ಲಿ ದಾಖಲೆಗಳು ಉಳಿಯುತ್ತವೆ, ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ.

ಕಂಪ್ಯೂಟರ್ ಮತ್ತೆ ನಡೆಯತೊಡಗಿದ ದಿನವೇ ರೆಗ್‌ಬ್ಯಾಕ್ ಪ್ರತಿಯನ್ನು ಮರಳಿ ಚಾಲೂ ಮಾಡಿ. ರೆಜ್‌ಎಡಿಟ್‌ನಲ್ಲಿ ಎಚ್‌ಕೆ ಲೋಕಲ್ ಮೆಷೀನ್, ಸಿಸ್ಟಂ, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಸೆಷನ್ ಮ್ಯಾನೇಜರ್, ಕಾನ್ಫಿಗರೇಶನ್ ಮ್ಯಾನೇಜರ್ ಎಂಬ ದಾರಿಯಲ್ಲಿ ಹೋಗಿ, ‘ಎನೇಬಲ್‌ಪೀರಿಯಾಡಿಕ್‌ಬ್ಯಾಕಪ್’ ಎಂಬ ಡಿವರ್ಡ್ (ಸಂಖ್ಯೆಯ ಬಗೆಯ) ಮೌಲ್ಯವನ್ನು ಸೃಷ್ಟಿಸಿ ಅದಕ್ಕೆ 1 ಕೊಟ್ಟು ಮರುಪ್ರಾರಂಭಿಸಿದರೆ ಸಾಕು.

ಪ್ರಶ್ನೆ: ಹಳೆಯ ಕಂಪ್ಯೂಟರಿನ ಡಿಸ್ಕನ್ನು ಹೊಸದಕ್ಕೆ ಜೋಡಿಸಿದ್ದೇನೆ. ನನ್ನ ಹಳೆಯ ಫೋಲ್ಡರನ್ನು ತೆರೆಯಲು ಅನುಮತಿ ಇಲ್ಲವೆನ್ನುತ್ತದೆ. ಎರಡರಲ್ಲಿಯೂ ಖಾತೆಯ ಹೆಸರು ಒಂದೇ, ಪಾಸ್‌ವರ್ಡ್ ಒಂದೇ, ನಾನೇ ಅಡ್ಮಿನಿಸ್ಟ್ರೇಟರ್. ಹೀಗೇಕೆ? ಇಡೀ ಡಿಸ್ಕಿನ ಒಡೆತನ ತೆಗೆದುಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಹೆಸರು, ಪಾಸ್‌ವರ್ಡ್ ಇವೆರಡೂ ನಮ್ಮ ಅನುಕೂಲಕ್ಕೆ ಇರುವಂಥವು, ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆ ಅವುಗಳನ್ನು ನೋಡುವುದೇ ಇಲ್ಲ. ಖಾತೆ ತೆರೆದ ಕ್ಷಣದಲ್ಲಿ ವಿಂಡೋಸ್ ಅದಕ್ಕೊಂದು ಗುರುತುಸಂಖ್ಯೆ ಕೊಡುತ್ತದೆ. ಅದು ಎಸ್-1-5-21 ಎಂದು ಆರಂಭವಾಗಿ, ನಡುವೆ ಆ ಕಂಪ್ಯೂಟರಿಗೇ ವಿಶಿಷ್ಟವಾದ ಮೂರು ದೊಡ್ಡ ಸಂಖ್ಯೆಗಳನ್ನು ಹೊತ್ತು, ಕೊನೆಗೆ 1001 ಎಂಬಂಥ ಅಂಕಿಯಿಂದ ಮುಗಿಯುತ್ತದೆ. ಕಡತದ ಜೊತೆ ಇರುವ ಅನುಮತಿಪಟ್ಟಿಯಲ್ಲಿ ದಾಖಲಾಗಿರುವುದು ಈ ಸಂಖ್ಯೆಯೇ. ಹೊಸ ಕಂಪ್ಯೂಟರಿನ ‘ನೀವು’ ಬೇರೆ ಸಂಖ್ಯೆಯವರು. ಹಳೆಯ ಸಂಖ್ಯೆ ಯಾರದೆಂದು ಹೊಸ ಕಂಪ್ಯೂಟರಿಗೆ ಗೊತ್ತಿಲ್ಲ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಪುಟ ತೆರೆದರೆ ‘ಅಕೌಂಟ್ ಅನ್‌ನೋನ್’ ಎಂದು, ಪಕ್ಕದಲ್ಲಿ ಆ ಉದ್ದದ ಸಂಖ್ಯೆ ಕಾಣುವುದು ಇದಕ್ಕೇ.

ಇಡೀ ಡಿಸ್ಕಿನ ಒಡೆತನ ತೆಗೆದುಕೊಳ್ಳಬೇಡಿ. ನಿಮಗೆ ಬೇಕಾಗಿರುವುದು ಕಡತಗಳು, ಹಳೆಯ ವಿಂಡೋಸ್ ಅಲ್ಲ. ಅದಕ್ಕೆ ಅನುಮತಿಯನ್ನು ಮುಟ್ಟದೆಯೇ ಕೆಲಸ ಸಾಧಿಸುವ ದಾರಿ ಇದೆ. ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು ‘ರೋಬೋಕಾಪಿ’ ಆಜ್ಞೆಯನ್ನು ಬಳಸಿ: ಮೊದಲು ಹಳೆಯ ಫೋಲ್ಡರಿನ ದಾರಿ, ಆಮೇಲೆ ಹೊಸ ಜಾಗದ ದಾರಿ, ಅದರ ಮುಂದೆ ಓರೆಗೆರೆಗಳೊಡನೆ ಇ, ಬಿ, ಎಕ್ಸ್‌ಜೆ ಎಂಬ ಮೂರು ಸೂಚನೆಗಳು. ಇ ಎಂದರೆ ಒಳಫೋಲ್ಡರುಗಳೂ ಸೇರಿ. ಬಿ ಎಂದರೆ ಬ್ಯಾಕಪ್ ವಿಧಾನದಲ್ಲಿ, ಅಂದರೆ ಅನುಮತಿಪಟ್ಟಿಯನ್ನು ಬದಿಗಿಟ್ಟು ಓದು ಎಂದು. ಎಕ್ಸ್‌ಜೆ ಎಂದರೆ ಜಂಕ್ಷನ್‌ಗಳನ್ನು, ಅಂದರೆ ಬೇರೆ ಫೋಲ್ಡರಿನ ಕಡೆಗೆ ತಿರುಗಿಸುವ ಕೈಮರಗಳನ್ನು, ಬಿಡು ಎಂದು. ಹೀಗೆ ನಕಲಾದ ಕಡತಗಳು ಹೊಸ ಫೋಲ್ಡರಿನ ಅನುಮತಿಯನ್ನು ಪಡೆಯುತ್ತವೆ, ಹಳೆಯ ಡಿಸ್ಕು ಇದ್ದಂತೆಯೇ ಇರುತ್ತದೆ. ಇನ್ನೆರಡು ಸೂಚನೆಗಳನ್ನು ಮರೆಯಬೇಡಿ: ಆರ್ ಮುಂದೆ ವಿವರಣಚಿಹ್ನೆ (:) ಮತ್ತು 1, ಡಬ್ಲ್ಯೂ ಮುಂದೆ ಅದೇ ರೀತಿ 1. ಇವನ್ನು ಕೊಡದಿದ್ದರೆ ಓದಲಾಗದ ಒಂದು ಕಡತ ಎದುರಾದಾಗ ರೋಬೋಕಾಪಿ 30 ಸೆಕೆಂಡಿಗೊಮ್ಮೆ, ಹತ್ತು ಲಕ್ಷ ಸಲ ಪ್ರಯತ್ನಿಸುತ್ತ ಕೂರುತ್ತದೆ. ಉತ್ಪ್ರೇಕ್ಷೆಯಲ್ಲ, ಅದರ ಮೂಲ ಹೊಂದಿಕೆಯೇ ಅಷ್ಟು.

ಹಳೆಯ ಡಿಸ್ಕಿನಲ್ಲಿಯೇ ಆ ಫೋಲ್ಡರನ್ನು ಮುಂದೆಯೂ ಬಳಸುವ ಉದ್ದೇಶವಿದ್ದರೆ ಮಾತ್ರ ‘ಟೇಕ್‌ಓನ್’ ಮೂಲಕ ಆ ಒಂದು ಫೋಲ್ಡರಿನ ಒಡೆತನ ಪಡೆದು, ‘ಐಕ್ಯಾಕಲ್ಸ್’ ಮೂಲಕ ನಿಮ್ಮ ಖಾತೆಗೆ ಅನುಮತಿ ಕೊಡಿ. ಇವು ಎರಡೂ ಬೇಕು: ಒಡೆಯನಾದವನಿಗೆ ಅನುಮತಿಪಟ್ಟಿಯನ್ನು ಬದಲಿಸುವ ಹಕ್ಕು ಸಿಗುತ್ತದೆಯೇ ಹೊರತು ಕಡತ ಓದುವ ಹಕ್ಕು ತಾನಾಗಿ ಬರುವುದಿಲ್ಲ.

ಎರಡು ಎಚ್ಚರಿಕೆಗಳಿವೆ. ಡ್ರೈವಿನ ಬೇರಿನಲ್ಲಿ, ಅಂದರೆ ಎಲ್ಲಕ್ಕೂ ಮೇಲಿನ ಹಂತದಲ್ಲಿ, ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಎಂಬ ಹೆಸರು ಕಂಡು, ಅದು ತೆರೆಯದೆ, ನಿಮ್ಮ ದಾಖಲೆಗಳೆಲ್ಲ ಅದರಲ್ಲಿ ಸಿಕ್ಕಿಕೊಂಡಿವೆಯೆಂದು ಭಾವಿಸಬೇಡಿ. ಅದು ಫೋಲ್ಡರಲ್ಲ, ಹಳೆಯ ತಂತ್ರಾಂಶಗಳನ್ನು ‘ಯೂಸರ್ಸ್’ ಫೋಲ್ಡರಿನ ಕಡೆಗೆ ತಿರುಗಿಸುವ ಒಂದು ಕೈಮರ. ಅದನ್ನು ತೆರೆದು ನೋಡದಂತೆ ಬೇಕೆಂದೇ ನಿರ್ಬಂಧ ಹಾಕಿದ್ದಾರೆ. ಅದನ್ನು ಹಾಗೆಯೇ ಬಿಡಿ. ಎರಡನೆಯದಾಗಿ, ಕಡತದ ಚಿತ್ರದ ಮೂಲೆಯಲ್ಲಿ ಪುಟ್ಟ ಬೀಗವಿದ್ದರೆ ಅದನ್ನು ಇಎಫ್‌ಎಸ್ ವಿಧಾನದಲ್ಲಿ ಗೂಢಲಿಪಿಗೊಳಿಸಲಾಗಿದೆ ಎಂದರ್ಥ. ಅದಕ್ಕೆ ಒಡೆತನವೂ ಅನುಮತಿಯೂ ಉಪಯೋಗಕ್ಕೆ ಬಾರವು. ಹಳೆಯ ಖಾತೆಯ ಪ್ರಮಾಣಪತ್ರ ಮತ್ತು ಅದರ ಖಾಸಗಿ ಕೀಲಿ ಬೇಕೇ ಬೇಕು. ಹಳೆಯ ಕಂಪ್ಯೂಟರ್ ಇನ್ನೂ ಆರಂಭವಾಗುವ ಸ್ಥಿತಿಯಲ್ಲಿದ್ದರೆ ಡಿಸ್ಕನ್ನು ಅದಕ್ಕೇ ಮರಳಿ ಜೋಡಿಸಿ, ಹಳೆಯ ಖಾತೆಯಿಂದ ಒಳಹೊಕ್ಕು, ಆ ಕಡತಗಳ ಗೂಢಲಿಪಿಯನ್ನು ತೆಗೆದುಹಾಕಿ.

ಪ್ರಶ್ನೆ: ನಮ್ಮಲ್ಲಿ ಬಹಳ ಹಳೆಯ ಲೆಕ್ಕಪತ್ರದ ತಂತ್ರಾಂಶವೊಂದಿದೆ. ಮಾಮೂಲಿನಂತೆ ತೆರೆದರೆ ಒಂದು ಲೆಕ್ಕ ತೋರಿಸುತ್ತದೆ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದರೆ ಬೇರೆಯೇ ಲೆಕ್ಕ ತೋರಿಸುತ್ತದೆ. ನಿನ್ನೆ ಬರೆದ ನಮೂದುಗಳು ಒಂದರಲ್ಲಿವೆ, ಇನ್ನೊಂದರಲ್ಲಿಲ್ಲ. ರಿಜಿಸ್ಟ್ರಿ ಕೆಟ್ಟಿದೆಯೆಂದು ಪರಿಚಯದ ತಂತ್ರಜ್ಞರೊಬ್ಬರು ಹೇಳಿದರು. ನಿಜವೇ?

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಏನೂ ಕೆಟ್ಟಿಲ್ಲ, ನಿಮ್ಮ ಬಳಿ ನಿಜಕ್ಕೂ ಎರಡು ಲೆಕ್ಕಪುಸ್ತಕಗಳಿವೆ.

ಹಿಂದಿನ ಕಾಲದ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗೇ ಇಡುತ್ತಿದ್ದವು. ವಿಂಡೋಸ್ ವಿಸ್ತಾ ಬಂದ ಮೇಲೆ ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಬರೆಯುವ ಅನುಮತಿ ತಪ್ಪಿತು. ಹಾಗೆಂದು ಹಳೆಯ ತಂತ್ರಾಂಶಗಳೆಲ್ಲ ನಿಂತುಹೋಗಬಾರದಲ್ಲ. ಅದಕ್ಕಾಗಿ, 32 ಬಿಟ್‌ನ ಹಳೆಯ ತಂತ್ರಾಂಶವೊಂದು ಅಲ್ಲಿ ಬರೆಯಲು ಯತ್ನಿಸಿದರೆ, ವಿಂಡೋಸ್ ಅದನ್ನು ತಡೆಯದೆ, ಸದ್ದಿಲ್ಲದೆ ಬೇರೆಡೆಗೆ ತಿರುಗಿಸುತ್ತದೆ. ಆ ಜಾಗ ನಿಮ್ಮ ಬಳಕೆದಾರ ಫೋಲ್ಡರಿನ ಆ್ಯಪ್‌ಡೇಟಾ, ಲೋಕಲ್, ‘ವರ್ಚುವಲ್‌ಸ್ಟೋರ್’ ಎಂಬಲ್ಲಿದೆ. ಮುಂದೆ ಓದುವಾಗಲೂ ಮೊದಲು ಅಲ್ಲಿಯ ಪ್ರತಿಯನ್ನೇ ತೋರಿಸುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಈ ತಿರುಗಣೆ ಇಲ್ಲದಿರುವುದರಿಂದ ತಂತ್ರಾಂಶವು ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಮೂಲ ಕಡತವನ್ನು ತೆರೆಯುತ್ತದೆ. ಅದೇ ಕಂಪ್ಯೂಟರಿನಲ್ಲಿ ಇನ್ನೊಬ್ಬರಿಗೆ ಖಾತೆಯಿದ್ದು ಅವರೂ ಇದನ್ನು ಬಳಸುತ್ತಿದ್ದರೆ ಮೂರನೆಯ ಲೆಕ್ಕಪುಸ್ತಕವೂ ಇರುತ್ತದೆ, ಹುಡುಕಿ ನೋಡಿ.

ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಎಲ್ಲ ಪ್ರತಿಗಳನ್ನೂ ದಿನಾಂಕ ಬರೆದ ಬೇರೆ ಬೇರೆ ಫೋಲ್ಡರುಗಳಿಗೆ ನಕಲು ಮಾಡಿ. ಒಂದರ ಮೇಲೊಂದು ಹಾಕಿದರೆ ಲೆಕ್ಕಗಳು ಕೂಡಿಕೊಳ್ಳುವುದಿಲ್ಲ, ಹಿಂದಿನದು ಅಳಿಸಿಹೋಗುತ್ತದೆ. ನಮೂದು ಹೆಚ್ಚಿರುವ ಪ್ರತಿಯನ್ನು ಮುಖ್ಯವೆಂದು ಇಟ್ಟುಕೊಂಡು, ಇನ್ನೊಂದರಲ್ಲಿ ಮಾತ್ರ ಇರುವ ನಮೂದುಗಳನ್ನು ಕೈಯಿಂದಲೇ ಸೇರಿಸುವುದು ಬೇಸರದ ಕೆಲಸವಾದರೂ ನಂಬಿಕೆಯದು. ಆಮೇಲೆ ತಂತ್ರಾಂಶದಲ್ಲಿ ದತ್ತಾಂಶದ ಜಾಗ ಬದಲಿಸುವ ಸೌಲಭ್ಯವಿದ್ದರೆ ಪ್ರೋಗ್ರಾಂ ಫೈಲ್ಸ್‌ನಿಂದ ಹೊರಗೆ ತನ್ನಿ. ಇಲ್ಲದಿದ್ದರೆ ದತ್ತಾಂಶವಿರುವ ಒಳಫೋಲ್ಡರಿಗೆ ಮಾತ್ರ ‘ಯೂಸರ್ಸ್’ ಗುಂಪಿಗೆ ‘ಮಾಡಿಫೈ’ ಅನುಮತಿ ಕೊಟ್ಟು, ವರ್ಚುವಲ್‌ಸ್ಟೋರ್‌ನ ಹಳೆಯ ಪ್ರತಿಯನ್ನು ಅಲ್ಲಿಂದ ತೆಗೆಯಿರಿ. ತೆಗೆಯದಿದ್ದರೆ ತಂತ್ರಾಂಶ ಮತ್ತೆ ಅದನ್ನೇ ಓದುತ್ತದೆ. ತಂತ್ರಾಂಶವನ್ನು ನಡೆಸುವ ಮುಖ್ಯ ಕಡತವಾದ ಇಎಕ್ಸ್‌ಇ ಇರುವ ಫೋಲ್ಡರಿಗೆ ಈ ಅನುಮತಿ ಕೊಡಬಾರದು. ಕೊಟ್ಟರೆ ಯಾವುದೇ ದುಷ್ಟ ತಂತ್ರಾಂಶ ಆ ಇಎಕ್ಸ್‌ಇಯನ್ನು ಬದಲಿಸಿಟ್ಟು ನೀವು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವುದನ್ನೇ ಕಾಯಬಹುದು.

ಯಾವ ಕಡತಕ್ಕೆ ಅನುಮತಿ ಸಾಲದು ಎಂದು ಊಹಿಸುವ ಬದಲು ಕಣ್ಣಾರೆ ಕಾಣಬೇಕೆಂದರೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಸಮೂಹದ ‘ಪ್ರೊಸೆಸ್ ಮಾನಿಟರ್’ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಫಲಿತಾಂಶ ‘ಆಕ್ಸೆಸ್ ಡಿನೈಡ್’ ಆಗಿರುವುದನ್ನಷ್ಟೇ ತೋರಿಸುವಂತೆ ಸೋಸಿದರೆ, ತಡೆ ಬಿದ್ದ ಕಡತ ಅಥವಾ ರಿಜಿಸ್ಟ್ರಿ ಕೀಯ (ರಿಜಿಸ್ಟ್ರಿಯೊಳಗಿನ, ಫೋಲ್ಡರಿನಂಥ ವಿಭಾಗದ) ಪೂರ್ತಿ ದಾರಿ ಒಂದೇ ಸಾಲಿನಲ್ಲಿ ಕಾಣುತ್ತದೆ.

ಪ್ರಶ್ನೆ: ಪದೇ ಪದೇ ಅನುಮತಿ ಕೇಳುವುದು ತಪ್ಪಲಿ ಎಂದು ಸಿ ಡ್ರೈವಿಗೆಲ್ಲ ‘ಎವ್ರಿವನ್, ಫುಲ್ ಕಂಟ್ರೋಲ್’ ಕೊಟ್ಟೆ. ಈಗ ಸ್ಟಾರ್ಟ್ ಮೆನು ತೆರೆಯುತ್ತಿಲ್ಲ, ಸ್ಟೋರ್‌ನ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿವೆ. ಐಕ್ಯಾಕಲ್ಸ್‌ನಲ್ಲಿ ರಿಸೆಟ್ ಎಂಬ ಸೂಚನೆ ಇದೆಯಂತೆ, ಅದನ್ನು ಇಡೀ ಡ್ರೈವಿಗೆ ಕೊಡಲೇ?

ಉತ್ತರ: ಬೇಡ, ದಯವಿಟ್ಟು ಬೇಡ. ನೀವು ಮಾಡಿದ್ದನ್ನೇ ಹಲವು ವರ್ಷಗಳ ಹಿಂದೆ ನಾನೂ ಮಾಡಿದ್ದೇನೆ, ಆಮೇಲೆ ಇದೇ ರಿಸೆಟ್ ಕೊಟ್ಟು ಇನ್ನಷ್ಟು ಕೆಡಿಸಿಕೊಂಡಿದ್ದೇನೆ. ಒಂದು ರಾತ್ರಿ ಪೂರ್ತಿ ಕಪ್ಪು ಪರದೆಯಲ್ಲಿ ಸಾಲುಗಳು ಓಡುವುದನ್ನು ನೋಡುತ್ತ ಕೂತು, ಬೆಳಿಗ್ಗೆ ವಿಂಡೋಸನ್ನು ಹೊಸದಾಗಿ ಹಾಕಿದ್ದೆ.

ಆ ಸೂಚನೆಯ ಹೆಸರು ದಾರಿ ತಪ್ಪಿಸುವಂಥದ್ದು. ಅದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವುದಿಲ್ಲ. ಪ್ರತಿ ಕಡತಕ್ಕೂ ಇರುವ ಸ್ವಂತ ಅನುಮತಿಪಟ್ಟಿಯನ್ನು ಅಳಿಸಿ, ಮೇಲಿನ ಫೋಲ್ಡರಿನಿಂದ ಇಳಿದುಬರುವ ಅನುಮತಿಯನ್ನಷ್ಟೇ ಉಳಿಸುತ್ತದೆ. ನಿಮ್ಮ ದಾಖಲೆಗಳ ಫೋಲ್ಡರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ವಿಂಡೋಸ್ ಫೋಲ್ಡರಿನ ಸಾವಿರಾರು ಕಡತಗಳಿಗೆ ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಎಂಬ ಸೇವೆಗೆ ಮಾತ್ರ ಬದಲಿಸುವ ಹಕ್ಕಿರುವಂತೆ ಪ್ರತ್ಯೇಕ ಪಟ್ಟಿ ಇದೆ. ಸ್ಟೋರ್ ಆ್ಯಪ್‌ಗಳ ಫೋಲ್ಡರಿಗೆ ಅವುಗಳದೇ ಇನ್ನೊಂದು ಪಟ್ಟಿ ಇದೆ. ಅವೆಲ್ಲ ಒಂದೇ ಏಟಿಗೆ ಹೋಗುತ್ತವೆ. ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟರೆ ಎಲ್ಲವೂ ನಡೆಯಬೇಕಲ್ಲವೇ ಎಂದು ನೀವು ಕೇಳಬಹುದು. ಕೆಲವು ತಂತ್ರಾಂಶಗಳು ಅನುಮತಿ ಕಡಮೆಯಾದರೆ ಮಾತ್ರವಲ್ಲ, ಹೆಚ್ಚಾದರೂ ಕೆಲಸ ನಿಲ್ಲಿಸುತ್ತವೆ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸಂಪರ್ಕಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ ಇದಕ್ಕೆ ಒಳ್ಳೆಯ ಉದಾಹರಣೆ: ಖಾಸಗಿ ಕೀಲಿಯ ಕಡತವನ್ನು ಬೇರೆಯವರೂ ಓದಬಹುದಾದರೆ ಅದನ್ನು ಬಳಸುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿಬಿಡುತ್ತದೆ.

ವಿಂಡೋಸ್ ಇನ್ನೂ ಆರಂಭವಾಗುತ್ತಿರುವುದು ನಿಮ್ಮ ಅದೃಷ್ಟ. ದಾಖಲೆಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು, ನಿಮ್ಮದೇ ಆವೃತ್ತಿ ಮತ್ತು ಭಾಷೆಯ ವಿಂಡೋಸ್ ಐಎಸ್‌ಒ ಕಡತವನ್ನು (ವಿಂಡೋಸ್ ಹಾಕುವ ಡಿಸ್ಕಿನ ಪ್ರತಿರೂಪ) ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಂಡು, ವಿಂಡೋಸಿನ ಒಳಗಿನಿಂದಲೇ ಅದರ ಸೆಟಪ್ ನಡೆಸಿ, ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಳ್ಳುವ ಆಯ್ಕೆ ಕೊಡಿ. ವ್ಯವಸ್ಥೆಯ ಕಡತಗಳು ಸರಿಯಾದ ಅನುಮತಿಗಳೊಡನೆ ಹೊಸದಾಗಿ ಕೂರುತ್ತವೆ. ಇದು ವಿಂಡೋಸ್ ನಡೆಯುತ್ತಿದ್ದಾಗ ಮಾತ್ರ ಸಾಧ್ಯವಾದ ದಾರಿಯಾದ್ದರಿಂದ ತಡಮಾಡಬೇಡಿ. ಆಮೇಲೂ ಸಿ ಡ್ರೈವಿನ ಬೇರಿನಲ್ಲಿ ಎವ್ರಿವನ್ ಹೆಸರು ಉಳಿದಿದ್ದರೆ ಅದೊಂದನ್ನು ತೆಗೆಯಿರಿ.

ಮುಂದೆ ಯಾವುದೇ ಫೋಲ್ಡರಿನ ಅನುಮತಿ ಬದಲಿಸುವ ಮೊದಲು ಐಕ್ಯಾಕಲ್ಸ್‌ನ ‘ಸೇವ್’ ಸೂಚನೆಯಿಂದ ಇರುವ ಪಟ್ಟಿಯನ್ನು ಒಂದು ಪಠ್ಯಕಡತದಲ್ಲಿ ಉಳಿಸಿಕೊಳ್ಳಿ. ‘ರಿಸ್ಟೋರ್’ ಸೂಚನೆಯಿಂದ ಅದನ್ನು ಮರಳಿ ಹಾಕಬಹುದು. ಇದರಲ್ಲಿ ಒಡೆಯ ಯಾರೆಂಬುದು ದಾಖಲಾಗುವುದಿಲ್ಲ, ಅದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.

ಪ್ರಶ್ನೆ: ಇಂದು ಲಾಗಿನ್ ಆದಾಗ ಡೆಸ್ಕ್‌ಟಾಪ್ ಬರಿದಾಗಿದೆ. ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಇದ್ದೀರಿ ಎಂಬ ಸೂಚನೆ ಬರುತ್ತಿದೆ. ನನ್ನ ಕಡತಗಳು ಅಳಿಸಿಹೋದವೇ?

ಉತ್ತರ: ಅಳಿಸಿಲ್ಲ. ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ತೆರೆದು ನೋಡಿ, ಇರುತ್ತವೆ. ಆಗಿರುವುದಿಷ್ಟು: ನಿಮ್ಮ ಎನ್‌ಟಿಯೂಸರ್.ಡ್ಯಾಟ್ ಹೈವನ್ನು ವಿಂಡೋಸಿಗೆ ತೆರೆಯಲಾಗಲಿಲ್ಲ, ಅದಕ್ಕಾಗಿ ಒಂದು ಬಾಡಿಗೆ ಕೋಣೆ ಕೊಟ್ಟಿದೆ. ಈ ಕೋಣೆಯಲ್ಲಿ ಏನನ್ನೂ ಉಳಿಸಬೇಡಿ, ಲಾಗ್ ಆಫ್ ಆದೊಡನೆ ಎಲ್ಲವೂ ಹೋಗುತ್ತದೆ.

ಎರಡು ಸಲ ಮರುಪ್ರಾರಂಭಿಸಿ ನೋಡಿ. ಆ್ಯಂಟಿವೈರಸ್‌ನಂಥ ತಂತ್ರಾಂಶವೊಂದು ಆ ಕ್ಷಣದಲ್ಲಿ ಹೈವನ್ನು ಹಿಡಿದಿಟ್ಟುಕೊಂಡಿದ್ದರೆ ಇಷ್ಟರಿಂದಲೇ ಸರಿಹೋಗುತ್ತದೆ. ಸಿ ಡ್ರೈವಿನಲ್ಲಿ ಜಾಗ ತುಂಬಿಲ್ಲವೆಂಬುದನ್ನೂ ನೋಡಿಕೊಳ್ಳಿ. ಅಲ್ಲಿಗೂ ಬಗೆಹರಿಯದಿದ್ದರೆ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಒಳಹೊಕ್ಕು, ರೆಜ್‌ಎಡಿಟ್‌ನಲ್ಲಿ ಎಚ್‌ಕೆ ಲೋಕಲ್ ಮೆಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ‘ಪ್ರೊಫೈಲ್‌ಲಿಸ್ಟ್’ ತನಕ ಹೋಗಿ. ನಿಮ್ಮ ಗುರುತುಸಂಖ್ಯೆಯ ಕೀ ಎರಡು ಸಲ ಕಾಣುತ್ತದೆಯೇ, ಒಂದರ ಕೊನೆಗೆ ‘.ಬಿಎಕೆ’ ಎಂದಿದೆಯೇ? ಇದ್ದರೆ ಬಿಎಕೆ ಇರುವುದೇ ನಿಮ್ಮ ನಿಜವಾದ ಪ್ರೊಫೈಲ್; ಅದರೊಳಗಿನ ‘ಪ್ರೊಫೈಲ್‌ಇಮೇಜ್‌ಪಾತ್’ ಎಂಬಲ್ಲಿ ನಿಮ್ಮ ಫೋಲ್ಡರಿನ ದಾರಿ ಇರುವುದನ್ನು ನೋಡಿ ಖಚಿತಪಡಿಸಿಕೊಳ್ಳಿ. ಇಡೀ ಪ್ರೊಫೈಲ್‌ಲಿಸ್ಟ್ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡ ಮೇಲೆ, ಬಿಎಕೆ ಇಲ್ಲದ ಕೀಯ ಹೆಸರಿನ ಕೊನೆಗೆ ‘.ಓಲ್ಡ್’ ಸೇರಿಸಿ, ಬಿಎಕೆ ಇರುವುದರಿಂದ ಆ ಬಾಲವನ್ನು ತೆಗೆದು, ಅದರೊಳಗೆ ‘ಸ್ಟೇಟ್’, ‘ರೆಫ್‌ಕೌಂಟ್’ ಎಂಬ ಮೌಲ್ಯಗಳಿದ್ದರೆ ಸೊನ್ನೆ ಮಾಡಿ ಮರುಪ್ರಾರಂಭಿಸಿ. ಇಷ್ಟಾದರೂ ತಾತ್ಕಾಲಿಕ ಪ್ರೊಫೈಲ್ ಬಂದರೆ ಆ ಹೈವ್ ಫೈಲೇ ಕೆಟ್ಟಿದೆ. ಹೊಸ ಖಾತೆ ತೆರೆದು ಹಳೆಯ ದಾಖಲೆಗಳನ್ನು ಅದಕ್ಕೆ ನಕಲು ಮಾಡಿ. ಎನ್‌ಟಿಯೂಸರ್ ಎಂದು ಆರಂಭವಾಗುವ ಕಡತಗಳನ್ನು ಮಾತ್ರ ಜೊತೆಗೆ ಒಯ್ಯಬೇಡಿ.

ಪ್ರಶ್ನೆ: ರಿಜಿಸ್ಟ್ರಿ ಕ್ಲೀನರ್‌ಗಳಲ್ಲಿ ಯಾವುದು ಉತ್ತಮ?

ಉತ್ತರ: ಯಾವುದೂ ಅಲ್ಲ. ಅವು ‘ದೋಷ’ ಎಂದು ಕೆಂಪು ಬಣ್ಣದಲ್ಲಿ ಎಣಿಸಿ ತೋರಿಸುವುದರಲ್ಲಿ ಹೆಚ್ಚಿನವು ಈಗಿಲ್ಲದ ತಂತ್ರಾಂಶಗಳು ಬಿಟ್ಟುಹೋದ ಸಾಲುಗಳು. ರಿಜಿಸ್ಟ್ರಿಯನ್ನು ವಿಂಡೋಸ್ ಪುಸ್ತಕದಂತೆ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಬೇಕಾದ ಕೀಯನ್ನು ಹೆಸರು ಹಿಡಿದು ಹುಡುಕುತ್ತದೆ; ಆದಕಾರಣ ನೂರಾರು ಸತ್ತ ಸಾಲುಗಳನ್ನು ಕಿತ್ತರೂ ವೇಗ ಹೆಚ್ಚುವುದಿಲ್ಲ. ತಪ್ಪಿ ಒಂದು ಜೀವಂತ ಸಾಲು ಹೋದರೆ ಮಾತ್ರ ತಿಂಗಳಾದ ಮೇಲೆ, ಕಾರಣವೇ ತೋಚದ ತೊಂದರೆಯಾಗಿ ಕಾಣಿಸಿಕೊಳ್ಳುತ್ತದೆ. ಇಂಥ ಕ್ಲೀನರ್‌ಗಳ ಬಳಕೆಗೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ.

ಪ್ರಶ್ನೆ: ರಿಜಿಸ್ಟ್ರಿ ಬದಲಿಸುವ ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡಿದ್ದೆ. ಬದಲಾವಣೆ ಸರಿಬಾರದೆ ಆ ರೆಜ್ ಕಡತವನ್ನು ಮತ್ತೆ ಸೇರಿಸಿದೆ. ಯಶಸ್ವಿಯಾಯಿತು ಎಂದು ಸೂಚನೆಯೂ ಬಂತು, ಆದರೆ ತೊಂದರೆ ಹಾಗೆಯೇ ಇದೆ. ಏಕೆ?

ಉತ್ತರ: ರೆಜ್ ಕಡತವನ್ನು ಸೇರಿಸುವುದು ಎಂದರೆ ಅದರಲ್ಲಿ ಬರೆದಿರುವುದನ್ನು ಇರುವುದರ ಮೇಲೆ ಬರೆಯುವುದು, ಅಷ್ಟೇ. ನೀವು ಬದಲಿಸಿದ ಮೌಲ್ಯಗಳು ಹಿಂದಿನಂತಾಗುತ್ತವೆ, ಅಳಿಸಿದವು ಮರಳುತ್ತವೆ, ಆದರೆ ನೀವು ಹೊಸದಾಗಿ ಸೇರಿಸಿದ್ದು ಅಲ್ಲಿಯೇ ಉಳಿಯುತ್ತದೆ, ಏಕೆಂದರೆ ಹಳೆಯ ಕಡತದಲ್ಲಿ ಅದರ ಪ್ರಸ್ತಾಪವೇ ಇಲ್ಲ. ನೀವು ಸೇರಿಸಿದ ಮೌಲ್ಯವನ್ನು ನೆನಪಿಸಿಕೊಂಡು ಕೈಯಿಂದಲೇ ಅಳಿಸಿ. ಕೀಗಳಿಗೂ ಕಡತಗಳಂತೆಯೇ ಒಡೆಯ ಮತ್ತು ಅನುಮತಿಪಟ್ಟಿ ಇರುತ್ತವೆ. ರೆಜ್ ಕಡತದಲ್ಲಿ ಅವು ದಾಖಲಾಗುವುದಿಲ್ಲ. ಅನುಮತಿಯನ್ನೂ ಬದಲಿಸುವುದಿದ್ದರೆ ಎಕ್ಸ್‌ಪೋರ್ಟ್ ಬದಲು ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ರೆಜ್ ಸೇವ್’ ಬಳಸಿ. ಅದು ಆ ಕೀಯನ್ನು ಹೈವ್ ರೂಪದಲ್ಲಿ, ಅನುಮತಿಗಳ ಸಮೇತ, ಉಳಿಸುತ್ತದೆ. ‘ರೆಜ್ ರಿಸ್ಟೋರ್’ ಕೊಟ್ಟರೆ ಆ ಕೀಯೊಳಗೆ ಆಮೇಲೆ ಸೇರಿದ್ದೆಲ್ಲ ಹೋಗಿ ಉಳಿಸಿದ್ದ ಪ್ರತಿಯೇ ಅದರ ಜಾಗದಲ್ಲಿ ಬಂದು ಕೂರುತ್ತದೆ.